ಹರ್ಡೀಕರರೊಳಗಿನ ವೈದ್ಯ

ಡಾ. ನಾ. ಸು. ಹರ್ಡೀಕರ (1889–1975) ಎಂದೊಡನೆ ಕಣ್ಣಮುಂದೆ ಬರುವುದು ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆಯಾದ ಸೇವಾದಳದ ಕವಾಯತು, ಧ್ವಜವಂದನೆ. ಹೆಸರಿನ ಹಿಂದಿನ 'ಡಾ.' ಮಾತ್ರ ಬರೀ ಗೌರವಸೂಚಕದಂತೆ ಉಳಿದುಬಿಟ್ಟಿದೆ. ಇದು ಅರ್ಧ ಸ್ಮರಣೆ. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿದ ಅವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅಭ್ಯಾಸ ಮಾಡಿದ್ದು ಸಾರ್ವಜನಿಕ ಆರೋಗ್ಯವನ್ನು. ಆ ಶಾಸ್ತ್ರಕ್ಕೆ ರೋಗಿಗಿಂತ ಮೊದಲು ಕಾಣುವುದು ಊರಿನ ನೀರು, ಗಟಾರು, ಜನಸಂದಣಿ. ಲಾಲಾ ಲಜಪತರಾಯರ ಜೊತೆ ನ್ಯೂಯಾರ್ಕಿನಲ್ಲಿ ದುಡಿದು 1921ರಲ್ಲಿ ಮರಳಿದ ಹರ್ಡೀಕರರು 1923ರ ಕೊನೆಗೆ ಕಟ್ಟಿದ ದಳವನ್ನು ಈ ಕಣ್ಣಿನಿಂದ ನೋಡಿದರೆ ಅದು ಬೇರೆಯಾಗಿಯೇ ಕಾಣುತ್ತದೆ. ಮರುವರ್ಷದ ಬೆಳಗಾವಿ ಕಾಂಗ್ರೆಸ್ ಅಧಿವೇಶನವನ್ನೇ ತೆಗೆದುಕೊಳ್ಳಿ. ಬಯಲಿನಲ್ಲಿ ಎದ್ದ 'ವಿಜಯನಗರ' ಎಂಬ ಅಧಿವೇಶನದ ಬಿಡಾರಕ್ಕೆ ಕುಡಿಯುವ ನೀರು ಬೇಕೆಂದು 'ಪಂಪಾ ಸರೋವರ' ಎಂಬ ಬಾವಿಯನ್ನೇ ತೋಡಲಾಯಿತು. ಸಾವಿರಾರು ಜನ ಡೇರೆಗಳಲ್ಲಿ ನೆರೆದಾಗ ವಾಂತಿಭೇದಿ ಹಬ್ಬದಂತೆ ನೋಡಿಕೊಳ್ಳುವುದು ಭಾಷಣದ ಕೆಲಸವಲ್ಲ, ಪಳಗಿದ ಸ್ವಯಂಸೇವಕರ ಕೆಲಸ. ಶಿಸ್ತು ಅಲ್ಲಿ ಆರೋಗ್ಯದ ಸಾಧನವೇ ಆಗಿತ್ತು.

ಅವರು ದವಾಖಾನೆಯಲ್ಲಿ ಕೂತು ನಾಡಿ ಹಿಡಿದದ್ದೆಷ್ಟು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವಾಗಿ ತೋರಿಸಬಹುದಾದದ್ದು ಒಂದು ಆಸ್ಪತ್ರೆ. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ 1929ರಲ್ಲಿ ಶುರುವಾದ ಕರ್ನಾಟಕ ಆರೋಗ್ಯಧಾಮದ ಸ್ಥಾಪಕರು ಹರ್ಡೀಕರರೊಬ್ಬರೇ ಅಲ್ಲ, ಡಾ. ಕೊಕಟನೂರರ ಹೆಸರು ಬಿಟ್ಟು ಅದರ ಕಥೆ ಹೇಳುವುದು ಅನ್ಯಾಯ. ಆದರೆ ಸಂಸ್ಥೆ ನಿಂತ ಜಾಗವನ್ನು ಗಮನಿಸಬೇಕು. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಅಲ್ಲ, ರೈಲು ನಿಲ್ಲುವ ಒಂದು ಸಣ್ಣ ಊರಲ್ಲಿ. ಹುಕ್ಕೇರಿ, ಮೂಡಲಗಿ ಕಡೆಯ ಹಳ್ಳಿಯವರಿಗೆ ಕೈಗೆಟಕುವಂತೆ. ರೋಗಿ ವೈದ್ಯನಿದ್ದಲ್ಲಿಗೆ ಹೋಗಲಿ ಎನ್ನುವ ಕಾಲದಲ್ಲಿ ಈ ಆಯ್ಕೆಯೇ ಒಂದು ರಾಜಕೀಯ ನಿಲುವು.

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಸಾಲಾಗಿ ನಿಲ್ಲುವುದನ್ನು ಕಲಿತ ಜನ ಎದುರು ಪ್ರಶ್ನಿಸುವುದನ್ನು ಮರೆಯುತ್ತಾರೆ. ಅಹಿಂಸೆಯ ಪಕ್ಷಕ್ಕೆ ಸೈನ್ಯದ ನಡಿಗೆ ಏಕೆಂಬ ಅನುಮಾನ ಕಾಂಗ್ರೆಸ್ಸಿನೊಳಗೇ ಇತ್ತು. ಇದನ್ನು ಪೂರ್ತಿ ತಳ್ಳಿಹಾಕಲಾಗದು. ಅಪ್ಪಣೆಗೆ ಕಾಯುವ ಸ್ವಯಂಸೇವಕ ಅಧಿವೇಶನ ಮುಗಿದ ಮೇಲೆ ತನ್ನೂರಿನ ಗಟಾರಿಗೆ ಇಳಿಯುತ್ತಾನೆಂಬ ಭರವಸೆ ಇಲ್ಲ. ಆದರೆ ಆ ದೌರ್ಬಲ್ಯಕ್ಕೆ ಉತ್ತರವೂ ಹರ್ಡೀಕರರ ಬದುಕಿನಲ್ಲೇ ಇದೆ. 1932ರಲ್ಲಿ ಸರಕಾರ ದಳವನ್ನು ನಿಷೇಧಿಸಿತು, ಆರೋಗ್ಯಧಾಮ ಉಳಿದುಕೊಂಡಿತು. 1958ರ ಪದ್ಮಭೂಷಣ, ರಾಜ್ಯಸಭೆಯ ಸದಸ್ಯತ್ವ ಇವೆಲ್ಲ ಸೇನಾನಿಗೆ ಸಂದ ಮನ್ನಣೆ ಎಂದೇ ಜನ ಎಣಿಸುತ್ತಾರೆ. ನನ್ನ ಎಣಿಕೆಯಲ್ಲಿ ಅವರ ಕೆಲಸಗಳಲ್ಲಿ ಹೆಚ್ಚು ಬಾಳಿಕೆ ಬಂದದ್ದು ಘಟಪ್ರಭಾದ್ದೇ.