ಸ್ನಾನಕ್ಕೆ ಮುನ್ನ ದೀಕ್ಷೆ: ಧಾರವಾಡದ ಗ್ರಾಮಗಳಲ್ಲಿ ವಯಸ್ಕರ ದೀಕ್ಷಾಸ್ನಾನದ ಸಿದ್ಧತೆ ಕುರಿತು ಒಂದು ವಿಮರ್ಶೆ

ಕ್ರೈಸ್ತ ಜೀವನದ ಮೊದಲ ಸಂಸ್ಕಾರಕ್ಕೆ ಕನ್ನಡದಲ್ಲಿ ಮೂರು ಹೆಸರುಗಳಿವೆ. ‘ಬಾಪ್ತಿಸ್ಮ’ ಎಂಬುದು ಗ್ರೀಕ್ ಪದವನ್ನೇ ಕನ್ನಡ ಲಿಪಿಗೆ ತಂದುಕೊಂಡ ರೂಪ. ‘ಜ್ಞಾನಸ್ನಾನ’ ಹಿರಿಯ ಕಥೋಲಿಕರ ಬಾಯಲ್ಲಿ ಇನ್ನೂ ಉಳಿದಿದೆ. ಇಂದು ಸತ್ಯವೇದದಲ್ಲಿಯೂ ಆರಾಧನಾವಿಧಿಯಲ್ಲಿಯೂ ನೆಲೆನಿಂತಿರುವ ಪದ ‘ದೀಕ್ಷಾಸ್ನಾನ’. ಮೂಲದ ಗ್ರೀಕ್ ಕ್ರಿಯಾಪದಕ್ಕೆ ಮುಳುಗಿಸುವುದು ಎಂದಷ್ಟೇ ಅರ್ಥ. ಅದರಲ್ಲಿ ದೀಕ್ಷೆಯ ಮಾತಿಲ್ಲ. ಆದ್ದರಿಂದ ಕನ್ನಡದ ಅನುವಾದ ಮೂಲಕ್ಕಿಂತ ಹೆಚ್ಚನ್ನು ಹೇಳುತ್ತದೆ. ಆ ಹೆಚ್ಚಿನ ಮಾತಿಗೆ ನಮ್ಮ ಪಾಲನಾಕಾರ್ಯವು ತಕ್ಕುದಾಗಿದೆಯೇ ಎಂಬುದೇ ಈ ವಿಮರ್ಶೆಯ ಪ್ರಶ್ನೆ.

ಧಾರವಾಡದ ಗ್ರಾಮಭಾಗದಲ್ಲಿ ‘ದೀಕ್ಷೆ’ ಬರಿಯ ಪಾರಿಭಾಷಿಕ ಪದವಲ್ಲ. ಲಿಂಗಾಯತ ಮನೆಗಳಲ್ಲಿ ಶಿಶುವಿಗೆ ಲಿಂಗಧಾರಣೆಯಾಗುತ್ತದೆ. ತಿಳಿವಳಿಕೆ ಬಂದ ಮೇಲೆ ಗುರುವಿನಿಂದ ಪಡೆಯುವ ದೀಕ್ಷೆ ಬೇರೆ. ದೀಕ್ಷೆ ಪಡೆದವರು ಊಟ, ಪೂಜೆ, ನಡೆನುಡಿಗಳಲ್ಲಿ ಒಂದು ಆಚಾರಕ್ಕೆ ಒಳಪಟ್ಟವರೆಂದು ಊರು ತಿಳಿಯುತ್ತದೆ. ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದ ಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯರನ್ನಾಗಿ ಸ್ವೀಕರಿಸಿದ ಕಥೆಯನ್ನು ಇಲ್ಲಿ ಅಕ್ಷರ ಬಾರದವರೂ ಬಲ್ಲರು. ಜಾತಿಮತಗಳ ಗಡಿ ದಾಟಿದ ಆ ಸಂಬಂಧವನ್ನು ಜನ ಒಂದು ದಿನದ ವಿಧಿಯಾಗಿ ನೆನೆಯುವುದಿಲ್ಲ. ಬಾಳಿನುದ್ದಕ್ಕೂ ಸಾಗಿದ ಗುರುಶಿಷ್ಯ ಭಾವವಾಗಿ ನೆನೆಯುತ್ತಾರೆ. ಈ ನೆಲದಲ್ಲಿ ‘ದೀಕ್ಷಾಸ್ನಾನ’ ಎಂದಾಗ ಕೇಳುವವನ ಮನಸ್ಸಿನಲ್ಲಿ ಮೂರು ಸಂಗತಿಗಳು ಮೂಡುತ್ತವೆ: ಕಲಿಸುವ ಗುರು, ಪರೀಕ್ಷೆಯ ಕಾಲ, ಬದಲಾದ ಆಚಾರ.

ನಮ್ಮಲ್ಲಿ ಕಾಣುವ ರೂಢಿಯಾದರೋ ಬೇರೆ. ವಿವಾಹದ ನಿಮಿತ್ತವೋ ಕಾಯಿಲೆ ಗುಣವಾದ ಕೃತಜ್ಞತೆಯಿಂದಲೋ ವಯಸ್ಕರೊಬ್ಬರು ಬರುತ್ತಾರೆ. ಕೆಲವು ಭಾನುವಾರಗಳಲ್ಲಿ ಪ್ರಾರ್ಥನೆಗಳನ್ನೂ ಹತ್ತು ಕಟ್ಟಳೆಗಳನ್ನೂ ಬಾಯಿಪಾಠ ಮಾಡಿಸಿ, ಅನುಕೂಲವಾದ ಒಂದು ಹಬ್ಬದಂದು ಸಂಸ್ಕಾರ ನೀಡುವುದು ಸುಲಭದ ದಾರಿಯಾಗಿದೆ. ಹೀಗೆ ಸ್ನಾನ ಉಳಿಯುತ್ತದೆ, ದೀಕ್ಷೆ ಕಳೆದುಹೋಗುತ್ತದೆ.

ಧರ್ಮಸಭೆ ಕೇಳಿದ್ದು ಇದನ್ನಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಆರಾಧನಾವಿಧಿಯನ್ನು ಕುರಿತ ಸಂವಿಧಾನದ 64ನೆಯ ಪರಿಚ್ಛೇದದಲ್ಲಿ, ವಯಸ್ಕರ ದೀಕ್ಷಾರ್ಥಿಕಾಲವನ್ನು ಹಂತಹಂತವಾಗಿ ಪುನಃಸ್ಥಾಪಿಸಬೇಕೆಂದಿತು. 1965ರ ಪ್ರೇಷಿತಕಾರ್ಯದ ಆಜ್ಞಾಪತ್ರವು ಈ ಕಾಲ ಸಿದ್ಧಾಂತಗಳ ವಿವರಣೆಯಷ್ಟೇ ಅಲ್ಲ, ಇಡೀ ಕ್ರೈಸ್ತ ಜೀವನದ ತರಬೇತಿ ಎಂದು ವಿವರಿಸಿತು. 1972ರಲ್ಲಿ ಪ್ರಕಟವಾದ ವಯಸ್ಕರ ಕ್ರೈಸ್ತ ದೀಕ್ಷೆಯ ವಿಧಿಯು ನಾಲ್ಕು ಅವಧಿಗಳನ್ನೂ ಮೂರು ಮೆಟ್ಟಿಲುಗಳನ್ನೂ ಕ್ರಮಗೊಳಿಸಿತು: ಮೊದಲ ಶ್ರವಣ, ದೀಕ್ಷಾರ್ಥಿಕಾಲ, ಶುದ್ಧೀಕರಣ ಮತ್ತು ಜ್ಞಾನೋದಯದ ಕಾಲ, ಸಂಸ್ಕಾರಾನಂತರದ ರಹಸ್ಯಬೋಧೆ. ಅವಧಿಗಳ ನಡುವಿನ ಮೆಟ್ಟಿಲುಗಳೆಂದರೆ ದೀಕ್ಷಾರ್ಥಿಯಾಗಿ ಸ್ವೀಕಾರ, ಆಯ್ಕೆ, ಸಂಸ್ಕಾರಗಳ ಆಚರಣೆ. ಧರ್ಮಸಭಾ ಕಾನೂನಿನ 865ನೆಯ ವಿಧಿಯು ಸಂಕಲ್ಪ, ತಕ್ಕಷ್ಟು ಬೋಧನೆ ಇವುಗಳೊಡನೆ ಕ್ರೈಸ್ತ ಜೀವನದಲ್ಲಿ ಪರೀಕ್ಷಿತನಾಗಿರಬೇಕೆಂದೂ ವಿಧಿಸುತ್ತದೆ. ಬಾಯಿಪಾಠ ಬೋಧನೆಯ ಒಂದು ಭಾಗವಾದೀತು. ಪರೀಕ್ಷೆಯ ಸ್ಥಾನವನ್ನು ತುಂಬಲಾರದು.

ಇದು ಮಹಾಸಭೆಯ ಹೊಸ ಕಲ್ಪನೆಯೂ ಅಲ್ಲ. ಸುಮಾರು 400ರಲ್ಲಿ ಸಂತ ಅಗಸ್ಟೀನರು ಕಾರ್ತೇಜಿನ ದೇವೊಗ್ರಾತಿಯಾಸ್ ಎಂಬ ಧರ್ಮಸೇವಕನಿಗೆ ಬರೆದ ಬೋಧನಾ ಕೈಪಿಡಿಯಲ್ಲಿ, ಬಂದವನ ಉದ್ದೇಶವೇನೆಂದು ಮೊದಲು ವಿಚಾರಿಸಬೇಕೆನ್ನುತ್ತಾರೆ. ಲಾಭದಾಸೆಯಿಂದಲೋ ಯಾರನ್ನೋ ಮೆಚ್ಚಿಸಲೆಂದೋ ಬಂದವನನ್ನು ಅವರು ಹಿಂದಕ್ಕೆ ಕಳುಹಿಸುವುದಿಲ್ಲ. ಅವನ ಉದ್ದೇಶವನ್ನೇ ತಿದ್ದುವುದು ಬೋಧಕನ ಮೊದಲ ಕೆಲಸವೆಂದು ತಿಳಿಯುತ್ತಾರೆ. ನಾಲ್ಕನೆಯ ಶತಮಾನದ ಯಾತ್ರಿಕೆ ಎಗೇರಿಯಾ ಜೆರುಸಲೇಮಿನಲ್ಲಿ ಕಂಡ ಪದ್ಧತಿಯೂ ಗಮನಾರ್ಹ. ಅಲ್ಲಿ ಧರ್ಮಾಧ್ಯಕ್ಷರು ಅಭ್ಯರ್ಥಿಯ ನೆರೆಹೊರೆಯವರನ್ನು ಕೇಳುತ್ತಿದ್ದರು: ಇವನು ತಂದೆತಾಯಿಗಳನ್ನು ಗೌರವಿಸುವನೇ, ಕುಡುಕನೇ, ಸುಳ್ಳುಗಾರನೇ? ನಮ್ಮ ಹಳ್ಳಿಗಳಲ್ಲಿ ಇಂಥ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಒಂದೇ ಓಣಿಯಲ್ಲಿ ಬಾಳುವವರಿಗೆ ಒಬ್ಬರ ಸಾಲ, ಜಗಳ, ಔದಾರ್ಯ ಎಲ್ಲವೂ ಗೊತ್ತು. ನಾವು ಕೇಳುವುದಿಲ್ಲ, ಅಷ್ಟೇ.

ಈ ಪ್ರದೇಶದ ಇತಿಹಾಸವೂ ಇದೇ ಪಾಠವನ್ನು ಕಲಿಸುತ್ತದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿತು. ಕಾಲಜ್ಞಾನದ ವಚನಗಳಲ್ಲಿ ನಂಬಿಕೆಯಿಟ್ಟಿದ್ದ ಕೆಲವರು ಮಿಷನರಿಗಳನ್ನು ಕಂಡು ಮಾತನಾಡಿದಾಗ, ಅವರು ಗುಂಪುಗುಂಪಾಗಿ ಸಭೆ ಸೇರುವರೆಂಬ ನಿರೀಕ್ಷೆ ಹುಟ್ಟಿತು. ಹರ್ಮನ್ ಮೋಗ್ಲಿಂಗ್ ಅವರಿಗೆ ಇದರಲ್ಲಿ ವಿಶೇಷ ಉತ್ಸಾಹವಿತ್ತು. ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ, ಅಂಥವರಿಗಾಗಿಯೇ ಒಂದು ಕೃಷಿ ವಸಾಹತು 1841ರಲ್ಲಿ ಆರಂಭವಾಯಿತು. ನಿರೀಕ್ಷಿಸಿದ ಜನ ಬರಲಿಲ್ಲ. ಭೂಮಿ ಸಿದ್ಧವಾಗಿತ್ತು, ಹೃದಯಗಳು ಸಿದ್ಧವಾಗಿರಲಿಲ್ಲ. ಆ ಮಿಷನರಿಗಳ ಶ್ರದ್ಧೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕುತೂಹಲವನ್ನೂ ಆಶೋತ್ತರವನ್ನೂ ವಿಶ್ವಾಸವೆಂದು ಎಣಿಸುವ ಅಪಾಯ ಎಲ್ಲ ಕಾಲದ ಪ್ರೇಷಿತರಿಗೂ ಇದೆ. ಅದನ್ನು ಬೇರ್ಪಡಿಸಿ ತೋರುವ ಜರಡಿಯೇ ದೀಕ್ಷಾರ್ಥಿಕಾಲ.

ಇಂದು ಈ ಪ್ರಶ್ನೆಗೆ ಮತ್ತಷ್ಟು ತೂಕ ಬಂದಿದೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಉಂಟು, ಕ್ರೈಸ್ತರಿಗೆ ಇಲ್ಲ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮವು, ಮತಾಂತರ ಹೊಂದುವವರೂ ವಿಧಿ ನಡೆಸುವವರೂ 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಈ ಕಾನೂನುಗಳ ನ್ಯಾಯಾನ್ಯಾಯವನ್ನು ಬೇರೆಡೆ ಚರ್ಚಿಸೋಣ. ಪಾಲಕನಿಗೆ ತಕ್ಷಣದ ಹೊಣೆ ಒಂದಿದೆ: ದಲಿತ ಕೇರಿಯಿಂದ ಬಂದ ಕೂಲಿಕಾರ್ಮಿಕ ಮಹಿಳೆಯೊಬ್ಬಳು ದೀಕ್ಷಾಸ್ನಾನ ಬೇಡಿದಾಗ, ಮಕ್ಕಳ ವಿದ್ಯಾರ್ಥಿವೇತನ, ಮೀಸಲಾತಿ, ಬಂಧುಬಳಗ ಇವುಗಳಲ್ಲಿ ಏನೇನು ಪಣಕ್ಕೆ ಬೀಳುತ್ತದೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕಬೇಕೆಂದು ಪ್ರಭುವೇ ಕಲಿಸಿದ್ದಾರೆ. ಬಲವಂತ, ಆಮಿಷಗಳನ್ನು ನಿಷೇಧಿಸಿ, ಬರುವವರ ಉದ್ದೇಶವನ್ನು ಪರಿಶೀಲಿಸಬೇಕೆಂದು 1965ರ ಆ ಆಜ್ಞಾಪತ್ರವೇ ಹೇಳಿದೆ. ಧರ್ಮಸಭೆಯ ಸ್ವಂತ ನಿಯಮ 30 ದಿನಗಳ ನೋಟಿಸಿಗಿಂತ ಬಹಳ ಕಟ್ಟುನಿಟ್ಟಾದುದು. ಅದನ್ನು ನಾವು ಪಾಲಿಸದಿದ್ದರೆ ನಮ್ಮ ಮೇಲಿನ ಸಂಶಯಕ್ಕೆ ನಾವೇ ಎಡೆಗೊಟ್ಟಂತೆ.

ಹಾಗಾದರೆ ಆ ಮಹಿಳೆ ಏನು ಮಾಡಬೇಕು? ನಮ್ಮ ರೂಢಿಯಲ್ಲಿ ಎರಡೇ ಸ್ಥಿತಿಗಳಿವೆ: ಒಳಗಿನವರು, ಹೊರಗಿನವರು. ವಿಧಿಯಾದರೋ ಮೂರನೆಯದೊಂದನ್ನು ಕೊಟ್ಟಿದೆ. ದೀಕ್ಷಾರ್ಥಿಯಾಗಿ ಸ್ವೀಕೃತರಾದವರು ಆಗಲೇ ಕ್ರಿಸ್ತನ ಮನೆತನಕ್ಕೆ ಸೇರಿದವರು. ಅವರ ಹಣೆಗೆ ಶಿಲುಬೆಯ ಗುರುತು ಬಿದ್ದಿದೆ. ದೇವರ ವಾಕ್ಯ ಅವರ ಆಹಾರ. ಆಶೀರ್ವಾದಗಳಿಗೆ ಅವರು ಪಾತ್ರರು. ಈ ನಡುವೆ ತೀರಿಕೊಂಡರೆ ಅವರಿಗೆ ಕ್ರೈಸ್ತ ಅಂತ್ಯಕ್ರಿಯೆ ಸಲ್ಲುತ್ತದೆ. ಪರಮಪ್ರಸಾದಕ್ಕಾಗಿ ಮಾತ್ರ ಕಾಯಬೇಕು. ದೀಕ್ಷಾರ್ಥಿಕಾಲವನ್ನು ಬಾಗಿಲಾಚೆಯ ಕಟ್ಟೆಯೆಂದು ತಿಳಿಯುವುದು ತಪ್ಪು. ಅದು ಮನೆಯೊಳಗಿನ ಪಡಸಾಲೆ. ಅವಸರದ ಸ್ನಾನವಾಗಲಿ ಸೌಜನ್ಯದ ನಿರಾಕರಣೆಯಾಗಲಿ ಆ ಮಹಿಳೆಗೆ ಈ ಗೌರವವನ್ನು ಕೊಡಲಾರದು.

ಒಂದು ಆಕ್ಷೇಪಣೆ ಬರಬಹುದು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಫಿಲಿಪ್ಪನು ಇಥಿಯೋಪಿಯದ ಅಧಿಕಾರಿಗೆ ದಾರಿಬದಿಯ ನೀರಿನಲ್ಲಿಯೇ ಸ್ನಾನ ಮಾಡಿಸಲಿಲ್ಲವೇ? ಮಾಡಿಸಿದನು. ಆದರೆ ಆ ಅಧಿಕಾರಿ ಆರಾಧನೆಗೆಂದು ಜೆರುಸಲೇಮಿಗೆ ಹೋಗಿಬಂದಿದ್ದ. ರಥದಲ್ಲಿ ಯೆಶಾಯನ ಗ್ರಂಥವನ್ನು ಓದುತ್ತಿದ್ದ. ಅರ್ಥವಾಗದುದನ್ನು ವಿನಯದಿಂದ ಕೇಳಿದ. ಅವನ ಸಿದ್ಧತೆ ಫಿಲಿಪ್ಪನಿಗಿಂತ ಮೊದಲೇ ತೊಡಗಿತ್ತು. ಮರಣಾಪಾಯದಲ್ಲಿರುವವರಿಗೆ ಧರ್ಮಸಭೆ ಸಂಕ್ಷಿಪ್ತ ವಿಧಿಯನ್ನೂ ಇಟ್ಟಿದೆ. ಅಪವಾದವನ್ನು ನಿಯಮವಾಗಿಸುವುದು ಮಾತ್ರ ಸಲ್ಲದು.

ಕಾಲಕ್ರಮದ ತೊಡಕೂ ಒಂದಿದೆ. ಆಯ್ಕೆಯ ವಿಧಿ ತಪಸ್ಸುಕಾಲದ ಮೊದಲ ಭಾನುವಾರ. ಪರಿಶೋಧನೆಗಳು ಮೂರು, ನಾಲ್ಕು, ಐದನೆಯ ಭಾನುವಾರಗಳಲ್ಲಿ. ಸಂಸ್ಕಾರಗಳು ಪಾಸ್ಕ ಜಾಗರಣೆಯ ರಾತ್ರಿ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಇದು ಹಿಂಗಾರಿ ಸುಗ್ಗಿ ಮುಗಿಯುವ ಹೊತ್ತು. ಆಮೇಲೆ ಕೂಲಿಯವರು ಕೆಲಸ ಅರಸಿ ಹೊರಡುತ್ತಾರೆ. ಭತ್ತ ಬೆಳೆಯುವ ಕಲಘಟಗಿಯ ಲೆಕ್ಕ ಬೇರೆ. ಆದ್ದರಿಂದ ಬೋಧನೆಯ ಮುಖ್ಯ ಭಾಗವನ್ನು ಊರಿನ ದುಡಿಮೆಗೆ ಹೊಂದಿಸಿ ಮೊದಲೇ ಮುಗಿಸಿ, ತಪಸ್ಸುಕಾಲವನ್ನು ಪ್ರಾರ್ಥನೆಗೂ ಪರಿಶೋಧನೆಗೂ ಮೀಸಲಿಡುವುದು ವಿವೇಕ. ವಿಧಿಯೇ ಇಂಥ ಹೊಂದಾಣಿಕೆಗೆ ಅವಕಾಶ ನೀಡಿದೆ.

ಗುರುವಿದ್ಯಾರ್ಥಿಗಳು ನಾಳೆ ಈ ಹಳ್ಳಿಗಳಿಗೆ ಹೋಗುವವರು. ಇಲ್ಲಿಯ ಒಕ್ಕಲಿಗ ಮಳೆ ಬಿದ್ದ ಕೂಡಲೇ ಕೂರಿಗೆ ಹೂಡುವುದಿಲ್ಲ. ಮಣ್ಣು ಹದಕ್ಕೆ ಬಂದಿತೇ ಎಂದು ಹಿಡಿಯಲ್ಲಿ ಹಿಡಿದು ನೋಡುತ್ತಾನೆ. ಹದ ತಪ್ಪಿದ ಬಿತ್ತನೆಯಿಂದ ಬೀಜ ಕೆಡುತ್ತದೆಂಬುದು ಅವನಿಗೆ ಗೊತ್ತು. ದೀಕ್ಷಾಸ್ನಾನ ಕ್ರಿಸ್ತನ ಮರಣದಲ್ಲಿಯೂ ಪುನರುತ್ಥಾನದಲ್ಲಿಯೂ ಪಾಲುಗಾರರಾಗುವುದೆಂದು ಸಂತ ಪೌಲರು ರೋಮನರಿಗೆ ಬರೆದರು. ಅಷ್ಟು ದೊಡ್ಡ ಬಿತ್ತನೆಗೆ ಒಂದು ವರ್ಷದ ಹದವನ್ನಾದರೂ ಕೊಡದಿದ್ದರೆ, ಕನ್ನಡದ ಪೂರ್ವಿಕರು ಆ ಪದದಲ್ಲಿ ‘ದೀಕ್ಷೆ’ಯನ್ನು ಮೊದಲಿಗೆ ಇಟ್ಟಿದ್ದು ವ್ಯರ್ಥವಾಗುತ್ತದೆ.