ಎರವಲು ಹೆಸರಿನ ಮದ್ದು

ಬನ್ನೂರಿನ ಕಡೆ ಹುರುಳಿಕಾಯಿಯ ತುದಿಯನ್ನು ಉಗುರಿನಿಂದ ಮುರಿದು, ಬೆನ್ನಿನ ನಾರನ್ನು ಒಂದೇ ಎಳೆತಕ್ಕೆ ಬಿಡಿಸುತ್ತ ಕುಳಿತ ಹಿರಿಯ ಹೆಂಗಸರು, ‘ಉಚ್ಚೆ ಕಟ್ಟಿದೋರ್ಗೆ ಇದು ಒಳ್ಳೇದು ಕಣಪ್ಪ, ಕಲ್ಲ ಕರಗಿಸ್ತದೆ’ ಎನ್ನುವುದನ್ನು ಕೇಳಿದ್ದೇನೆ. ಮಾತಿಗೆ ಆಧಾರವಿಲ್ಲದಿಲ್ಲ, ಅದು ಸಲ್ಲಬೇಕಾದ ವಸ್ತು ಮಾತ್ರ ಬೇರೆ. ಅಶ್ಮರಿಗೆ (ಮೂತ್ರದ ಕಲ್ಲಿಗೆ) ನಮ್ಮ ವೈದ್ಯಗ್ರಂಥಗಳು ವಿಧಿಸುವುದು ಕುಲತ್ಥವನ್ನು, ಎಂದರೆ ಬೇಯಿಸಿ ಕಟ್ಟು ಬಸಿದು ಸಾರು ಮಾಡುವ ಹುರುಳಿಯನ್ನು. ಹುರುಳಿಕಾಯಿಯಾದರೋ ಅಮೆರಿಕಾ ಖಂಡದ ಮೂಲದ್ದು, ಐರೋಪ್ಯರ ಹಡಗುಗಳು ಬಂದ ಮೇಲೆ ಇತ್ತ ಕಾಲಿಟ್ಟದ್ದು, ಚರಕಸುಶ್ರುತರು ಕಣ್ಣಿನಿಂದಲೂ ಕಾಣದಿದ್ದದ್ದು. ಹುರುಳಿಯಿಂದ ಹೆಸರನ್ನು ಎರವಲು ಪಡೆದ ಈ ಪರದೇಶಿ, ಹೆಸರಿನೊಡನೆ ಅದರ ಕೀರ್ತಿಯನ್ನೂ ಹೊತ್ತುಕೊಂಡಿತೆಂದು ನನ್ನ ಊಹೆ.

ಹಾಗೆಂದು ಅದನ್ನು ನಿರ್ಗುಣವೆನ್ನಲಾಗದು. ಬೀಜ ತೆಗೆದು ಒಣಗಿಸಿದ ಸಿಪ್ಪೆಯ ಕಷಾಯವನ್ನು ಯೂರೋಪಿನ ಜನ ಮೂತ್ರಲವಾಗಿ ಬಹುಕಾಲದಿಂದ ಕುಡಿದಿದ್ದಾರೆ. ಜರ್ಮನಿಯ ಮೂಲಿಕಾ ಸಮಿತಿಯೂ ಅದನ್ನು ಮೂತ್ರಬಾಧೆಗೆ ಸಹಾಯಕ ಮದ್ದೆಂದು ಒಪ್ಪಿತು. ಬೀಜದಲ್ಲಿರುವ ಒಂದು ಪ್ರೋಟೀನು ಪಿಷ್ಟವು ಜೀರ್ಣವಾಗುವ ವೇಗವನ್ನು ತಗ್ಗಿಸುವುದೂ ನಿಜ. ಆದರೆ ಅದನ್ನು ನಂಬಿ ಮಧುಮೇಹಿಯು ವೈದ್ಯರ ಮಾತ್ರೆಯನ್ನು ಬಿಡುವುದು ಅವಿವೇಕ.

ಹೋಮಿಯೋಪತಿಯ ಬೋರಿಕ್ ಅವರ ಕೈಪಿಡಿಯಲ್ಲಿ ಗಿಡ್ಡ ಹುರುಳಿಕಾಯಿಯು ‘ಫ್ಯಾಸಿಯೋಲಸ್’ ಎಂಬ ಹೆಸರಿನಿಂದ ವಿರಾಜಿಸುತ್ತದೆ: ಭಯಂಕರವಾದ ಎದೆಬಡಿತಕ್ಕೆ, ಸಾವು ಸಮೀಪಿಸಿತೆಂಬ ಭಾವಕ್ಕೆ ಅದರ ಗುಳಿಗೆ, ಜೊತೆಗೇ ಮಧುಮೇಹಕ್ಕೆ ಸಿಪ್ಪೆಯ ಕಷಾಯ, ಅದರಿಂದ ತಲೆನೋವು ಬರಬಹುದೆಂಬ ಎಚ್ಚರಿಕೆ. ಇಲ್ಲಿ ಎರಡು ಬೇರೆ ಶಾಸ್ತ್ರಗಳು ಒಂದೇ ಚಾಪೆಯ ಮೇಲೆ ಕುಳಿತಿವೆ. ಕಷಾಯವು ಲೋಟದ ಲೆಕ್ಕದ್ದು, ಅಜ್ಜಿಯ ಮಡಕೆಯದು; ಗುಳಿಗೆಯಾದರೋ 1810ರಲ್ಲಿ ಹೋಮಿಯೋಪತಿಯ ಜನಕ ಹಾನೆಮಾನರು ‘ಆರ್ಗನಾನ್’ ಗ್ರಂಥದಲ್ಲಿ ಸಾರಿದ, ರೋಗವನ್ನು ಹೋಲುವ ಲಕ್ಷಣ ತರುವ ವಸ್ತುವೇ ಅದಕ್ಕೆ ಮದ್ದೆಂಬ ಸದೃಶ ಸಿದ್ಧಾಂತದ್ದು, ನೂರಕ್ಕೊಂದರಂತೆ ಮೂವತ್ತು ಬಾರಿ ತೆಳುವಾಗಿಸಿದ ಮೇಲೆ ಹುರುಳಿಕಾಯಿಯ ಒಂದು ಅಣುವೂ ಉಳಿಯದಂಥದ್ದು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಈ ಔಷಧಿಗಳನ್ನು ಹಂಚತೊಡಗಿದ ಫಾದರ್ ಮುಲ್ಲರ್ ಅವರ ಕರುಣೆಗೆ ಕೈಮುಗಿಯುವ ನಾನು, ಎದೆ ಹಾಗೆ ಬಡಿಯುತ್ತಿರುವವನ ಕೈಗೆ ಸಕ್ಕರೆ ಗುಳಿಗೆ ಕೊಡಲಾರೆ. ಅವನು ಆಸ್ಪತ್ರೆಗೇ ಹೋಗತಕ್ಕವನು.

ಹುರುಳಿಕಾಯಿಯ ತೀವ್ರವಾದ ಶಕ್ತಿಯೊಂದು ಮಾತ್ರ ನಿರ್ವಿವಾದ: ಬಲಿತ ಬೀಜವನ್ನು ಹಸಿಯಾಗಿಯೋ ಅರೆಬೆಂದದ್ದಾಗಿಯೋ ತಿಂದರೆ ಅದರ ಲೆಕ್ಟಿನ್ ಎಂಬ ವಿಷ ವಾಂತಿಭೇದಿಯನ್ನು ತರುತ್ತದೆ. ನೆನೆಹಾಕಿ, ನೀರು ಚೆಲ್ಲಿ, ಹತ್ತು ನಿಮಿಷ ಕೊತಕೊತ ಕುದಿಸಿದರೆ ಅದು ಅಳಿಯುತ್ತದೆ. ಇದನ್ನು ಯಾವ ಗ್ರಂಥದಲ್ಲೂ ಓದದ ಬನ್ನೂರಿನ ಆ ಹೆಂಗಸರು, ಕಾಳನ್ನು ಬೆರಳ ನಡುವೆ ಹಿಸುಕಿ ನೋಡದೆ ಪಾತ್ರೆಯನ್ನು ಒಲೆಯಿಂದ ಇಳಿಸುವುದಿಲ್ಲ.