‘ಶಿಕಾರಿ’ಯ ನಾಗಪ್ಪ ಮತ್ತು ಕಾಯುವ ಕಷ್ಟ

ಯಶವಂತ ಚಿತ್ತಾಲರ ‘ಶಿಕಾರಿ’ (1979) ಓದಿದವರಿಗೆ ಕಾಫ್ಕಾನ ‘ದಿ ಟ್ರಯಲ್’ ನೆನಪಾಗುವುದು ಸಹಜ. ಅಲ್ಲಿ ಜೋಸೆಫ್ ಕೆ.ಗೆ ತನ್ನ ಮೇಲಿನ ಆಪಾದನೆ ಏನೆಂದೇ ಗೊತ್ತಿಲ್ಲ. ಇಲ್ಲಿ ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನಿಗೂ ತನ್ನನ್ನು ಯಾಕೆ ಅಮಾನತು ಮಾಡಿದರೆಂಬುದು ತಿಳಿಯದು. ಕೆ. ಬ್ಯಾಂಕಿನ ಅಧಿಕಾರಿ, ಅಂದರೆ ನಮ್ಮ ಪೈಕಿಯವನೇ. ಆದರೂ ನನಗೆ ಹತ್ತಿರದವನು ಎನಿಸುವುದು ನಾಗಪ್ಪ. ಕೆ.ಯ ಕೋರ್ಟು ಕೆಟ್ಟ ಕನಸಿನಲ್ಲಿ ಕಂಡ ಹಾಗಿದೆ. ನಾಗಪ್ಪನ ಕಂಪನಿ ಹಾಗಲ್ಲ. ಮೂವತ್ತು ಚಿಲ್ಲರೆ ವರ್ಷ ಆಫೀಸಿನ ಫೈಲು ನೋಡಿದವನಿಗೆ ಅದರಲ್ಲಿ ವಿಚಿತ್ರ ಎನಿಸುವಂಥದ್ದು ಕಡಿಮೆ.

ಇದನ್ನು ಅಸ್ತಿತ್ವವಾದಿ ಕಾದಂಬರಿ ಎಂದು ಕರೆಯುತ್ತಾರೆ. ಒಪ್ಪೋಣ. ಆದರೆ ಆ ದೊಡ್ಡ ಮಾತಿನ ಅಡಿಯಲ್ಲಿ ಒಂದು ಸಣ್ಣ ಸಂಗತಿ ಮುಚ್ಚಿಹೋಗುತ್ತದೆ. ಅದು ಕಾಯುವುದು. ಅಮಾನತಾದ ಮನುಷ್ಯನಿಗೆ ಮಾಡಲಿಕ್ಕೆ ಕೆಲಸ ಇಲ್ಲ, ಕಾಯುವುದೊಂದೇ ಕೆಲಸ. ಹೆಸರಿಗೆ ಅಂಟಿದ ಮಸಿ ಹೋದೀತು ಎಂಬ ಆಸೆ ನಾಗಪ್ಪನಿಗೂ ಉಂಟು. ಆ ಆಸೆಯೇ ಅವನನ್ನು ತಿನ್ನುತ್ತದೆ ಎಂಬುದು ನನ್ನ ಓದು. ಎದುರಿನವರ ಮಾತು, ಮೌನ, ಎಲ್ಲವನ್ನೂ ಅವನು ಬಿಡುಗಡೆಯ ಸೂಚನೆಯೋ ಹೊಸ ಸಂಚೋ ಎಂದು ತೂಗಬೇಕಾಗುತ್ತದೆ. ಬೇಟೆಗಾರರು ಹೊರಗಿದ್ದಾರೆ, ನಿಜ. ಆದರೆ ಓಡಿಹೋಗದಂತೆ ಅವನನ್ನು ಅಲ್ಲೇ ಕಟ್ಟಿಹಾಕಿದ್ದು ತೀರ್ಪಿನ ಮೇಲಿನ ನಿರೀಕ್ಷೆ.

ಕುಗ್ಗಿದವರಿಗೆ ಭರವಸೆ ತುಂಬಬೇಕು ಅಂತ ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಯಾವ ಭರವಸೆ ಎಂದು ಕೇಳುವುದಿಲ್ಲ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿ ಶಿಬಿರಗಳಿಂದ ಬದುಕಿ ಬಂದು 1946ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಜೊತೆಯ ಕೈದಿಯೊಬ್ಬನಿಗೆ ಮಾರ್ಚ್ 30ಕ್ಕೆ ತಮ್ಮ ಕಷ್ಟ ಮುಗಿಯುತ್ತದೆ ಎಂದು ಕನಸು ಬಿತ್ತು. ತಾರೀಕು ಹತ್ತಿರ ಬಂತು, ಬಿಡುಗಡೆಯ ಸುಳಿವಿಲ್ಲ. 29ಕ್ಕೆ ಅವನಿಗೆ ಜ್ವರ ಏರಿತು, 31ಕ್ಕೆ ತೀರಿಕೊಂಡ. ರೋಗ ಟೈಫಸ್. ಭರವಸೆ ಕುಸಿದದ್ದರಿಂದ ರೋಗ ತಡೆಯುವ ಶಕ್ತಿಯೂ ಕುಸಿಯಿತು ಎಂಬುದು ಫ್ರಾಂಕ್ಲ್ ಅವರ ಅಭಿಪ್ರಾಯ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಅವನ ಭರವಸೆಗೆ ವಾಯಿದೆ ಇತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೆಚ್ಯೂರಿಟಿ ಡೇಟು. ಫ್ರಾಂಕ್ಲ್ ಅವರನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಶಿಬಿರದಲ್ಲಿ ಕಳೆದುಹೋದ ತಮ್ಮ ಹಸ್ತಪ್ರತಿಯನ್ನು ಅವರು ಚೂರುಪಾರು ಕಾಗದದ ಮೇಲೆ ಮತ್ತೆ ಬರೆಯಲು ನೋಡುತ್ತಿದ್ದರು.

ಹಾಗೆಂದು ಭರವಸೆಯನ್ನು ಹಗುರವಾಗಿ ಕಾಣುವಂತಿಲ್ಲ. ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು 1974ರಲ್ಲಿ 20 ವಾಕ್ಯಗಳ ಒಂದು ಅಳತೆಗೋಲು ಮಾಡಿದರು, ಹತಾಶೆಯನ್ನು ಅಳೆಯಲಿಕ್ಕೆ. ಖಿನ್ನತೆ ಎಷ್ಟು ಎಂಬುದಕ್ಕಿಂತ ಹತಾಶೆ ಎಷ್ಟು ಎಂಬುದೇ ಮುಂದಿನ ಅಪಾಯವನ್ನು ಹೆಚ್ಚು ಸರಿಯಾಗಿ ಹೇಳುತ್ತದೆ ಎಂದು ಅವರ 1985ರ ಅಧ್ಯಯನದಲ್ಲಿ ಕಂಡುಬಂತು. ಅಂದರೆ ಭರವಸೆ ಇಟ್ಟುಕೊಳ್ಳಲಾರದ್ದೇ ಕಾಯಿಲೆಯ ಭಾಗ. ಅಂಥವರಿಗೆ ‘ಧೈರ್ಯ ತಗೊಳ್ಳಿ ಮಾರಾಯ್ರೇ’ ಎನ್ನುವುದು ಕಾಲು ಮುರಿದವನಿಗೆ ನಡೆ ಎಂದ ಹಾಗೆ.

ನಮ್ಮ ಬ್ಯಾಂಕಿನಲ್ಲಿ ಒಬ್ಬರು ಅಮಾನತಾಗಿದ್ದರು. ಅರ್ಧ ಸಂಬಳ. ಅನುಮತಿ ಇಲ್ಲದೆ ಮುಂಬಯಿ ಬಿಟ್ಟು ಹೋಗುವ ಹಾಗೂ ಇಲ್ಲ. ಊರಲ್ಲಿರುವ ನಿಮಗೆ ಈ ಷರತ್ತಿನ ಭಾರ ಗೊತ್ತಾಗಲಿಕ್ಕಿಲ್ಲ. ಮನಸ್ಸು ಮುರಿದಾಗ ಮನುಷ್ಯ ಮೊದಲು ನೆನೆಯುವುದು ಊರನ್ನು, ಅದಕ್ಕೇ ಬೀಗ. ಮನೆಗೆ ಬರೆದ ಪತ್ರಗಳಲ್ಲಿ ‘ಕ್ಷೇಮ’ ಎಂದೇ ಬರೆದರು. ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ ಎಂದಿನ ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಬಂದು, ಸಂಜೆ ವಾಪಸು ಹೋಗುತ್ತಿದ್ದರು. ಅಕ್ಕಪಕ್ಕದವರಿಗೆ ಗೊತ್ತಾಗಬಾರದಲ್ಲ! ‘ಮುಂದಿನ ತಿಂಗಳು ಆಗುತ್ತೆ ಸಾರ್’ ಎಂದು ನಾವೆಲ್ಲ ಹೇಳಿದ್ದು ಪ್ರತಿ ತಿಂಗಳೂ ಅವರನ್ನು ಇನ್ನಷ್ಟು ಇಳಿಸಿತು. ಹೋಟೆಲಿನ ಹುಡುಗರು ಓದುವ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು ಬೇಕಾಗಿತ್ತು. ಸಂಬಳವಿಲ್ಲದ ಕೆಲಸ, ನಿಯಮಕ್ಕೆ ಅಡ್ಡಿಯಿಲ್ಲ. ಹೋಗತೊಡಗಿದರು. ತೀರ್ಪು ಬರಲು ಆಮೇಲೆಯೂ ಒಂದೂವರೆ ವರ್ಷ ಹಿಡಿಯಿತು. ಆದರೆ ನಾಳೆ ರಾತ್ರಿ ಎಂಟು ಗಂಟೆಗೆ ಬಡ್ಡಿ ಲೆಕ್ಕ ಕೇಳಲು ಹನ್ನೆರಡು ಹುಡುಗರು ಕೂತಿರುತ್ತಾರೆ ಎಂಬುದು ಯಾವ ವಿಚಾರಣಾಧಿಕಾರಿಯ ಕೈಯಲ್ಲೂ ಇರಲಿಲ್ಲ.

‘ಶಿಕಾರಿ’ಯ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು. ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದ ಚಿತ್ತಾಲರಿಗೆ ಆಫೀಸಿನ ಕ್ರೌರ್ಯದ ಒಳಹೊರಗು ಗೊತ್ತಿತ್ತು. ಸಂಶಯ ಮನಸ್ಸಿನೊಳಗೆ ಹೇಗೆ ಬೆಳೆಯುತ್ತದೆಂದು ಅವರಷ್ಟು ಬಿಡಿಸಿ ತೋರಿಸಿದವರು ಕನ್ನಡದಲ್ಲಿ ಕಡಿಮೆ. ನಾಗಪ್ಪನಿಗೆ ಬಾಲ್ಯದ ನೆನಪುಗಳೂ ಬರುತ್ತವೆ. ಆದರೆ ಅವು ಸಂತೈಸುವುದಕ್ಕಿಂತ ಕಾಡುವುದೇ ಜಾಸ್ತಿ. ಈ ಮಹಾನಗರದ ಕನ್ನಡಿಗರು ಸಂಘ, ಭಜನೆ, ರಾತ್ರಿಶಾಲೆ ಎಂದು ಕಟ್ಟಿಕೊಂಡ ಸಣ್ಣಪುಟ್ಟ ಆಸರೆಗಳಿಗೆ ಕಾದಂಬರಿಯಲ್ಲಿ ತೂಕವಿಲ್ಲ. ಒಂಟಿತನವನ್ನು ಅಷ್ಟು ಶುದ್ಧವಾಗಿ ಇಡಬೇಕೆಂಬ ಹಟದಲ್ಲಿ ಲೇಖಕರು ಮುಂಬಯಿಯ ಅರ್ಧ ಸತ್ಯವನ್ನು ಹೊರಗಿಟ್ಟರು. ಅವರು ತೀರಿಕೊಂಡು ಐದು ವರ್ಷಕ್ಕೆ, 2019ರಲ್ಲಿ, ಇಂಗ್ಲಿಷಿಗೆ ಹೋದ ಈ ಪುಸ್ತಕ ಓದಿದ ಹೊರಗಿನವರು ಇಲ್ಲಿಯ ಕನ್ನಡಿಗನೆಂದರೆ ಇಷ್ಟೇ ಎಂದುಕೊಂಡರೆ ಅವರ ತಪ್ಪಲ್ಲ.

ಇನ್ನೊಂದು ಮಾತು. ಮನಸ್ಸು ಕುಗ್ಗಿದವರ ಕೈಗೆ ಇದನ್ನು ಔಷಧಿಯೆಂದು ಕೊಡಬೇಡಿ. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಕೂತವರಿಗೆ ಬೇಕಾದದ್ದು ವೈದ್ಯರು. 2022ರಲ್ಲಿ ಸರಕಾರ ಶುರುಮಾಡಿದ ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತದೆ. ಪರಊರಿನಲ್ಲಿ ದುಃಖವನ್ನು ಹಿಂದಿಯಲ್ಲಿ ಹೇಳಲು ಬಾರದವರಿಗೆ ಅದು ಸಣ್ಣ ಸಂಗತಿಯಲ್ಲ. ಕಾದಂಬರಿ ಆಮೇಲೆ ಓದಿದರಾಯಿತು.